ಒಂದು ರಾತ್ರಿ ತಂಗಿದರೆ

ಮರುಭೂಮಿಯ ಪ್ರವಾಸಕಥನಗಳನ್ನು ಓದಿದವರಿಗೆ ಒಂದು ಚಿತ್ರ ಚೆನ್ನಾಗಿ ಪರಿಚಿತ. ದಿನವಿಡೀ ಮರಳು, ಬಿಸಿಲು, ಬಾಯಾರಿಕೆ; ಸಂಜೆಯ ಹೊತ್ತಿಗೆ ದೂರದಲ್ಲಿ ಖರ್ಜೂರದ ಮರಗಳ ಹಸಿರು ಗೆರೆ; ಮರಗಳ ನಡುವೆ ನೀರು; ನೀರಿನ ಪಕ್ಕದಲ್ಲಿ ಮಣ್ಣುಗೋಡೆಯ ಒಂದು ಪುಟ್ಟ ತಂಗುಮನೆ. ಈಜಿಪ್ಟಿನ ಸೀವಾ ಓಯಸಿಸ್ಸಿನಲ್ಲಿ ಉಪ್ಪು ಬೆರೆತ ಮಣ್ಣಿನಿಂದಲೇ ಮನೆ ಕಟ್ಟುತ್ತಿದ್ದರೆಂದು ಓದಿ, ಬೆಂಗಳೂರಿನ ಮನೆಯ ವೆರಾಂಡದಲ್ಲಿ ಕುಳಿತು, ಅಂಥ ಕಡೆ ಒಂದು ರಾತ್ರಿಯಾದರೂ ಕಳೆಯಬೇಕೆಂದು ನಿಟ್ಟುಸಿರು ಬಿಟ್ಟವರು ಎಷ್ಟೋ ಮಂದಿ. ಅವರು ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಾದುದಿಲ್ಲ. ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಹತ್ತಿ, ಸುಮಾರು 165 ಕಿಲೋಮೀಟರು ಸಾಗಿ, ಅರಸೀಕೆರೆಯಲ್ಲಿ ಇಳಿದರಾಯಿತು.

ಅರಸೀಕೆರೆ ಮರುಭೂಮಿಯಲ್ಲವೆಂದು ಭೂಗೋಳ ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೂ ಹಾಸನ ಜಿಲ್ಲೆಯೊಂದರಲ್ಲಿಯೇ ಎಷ್ಟು ಬಗೆಯ ಆಕಾಶಗಳಿವೆ ಎಂಬುದನ್ನು ಗಮನಿಸಬೇಕು. ಪಶ್ಚಿಮದ ಸಕಲೇಶಪುರದಲ್ಲಿ ಮಳೆಗಾಲವೆಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದ ಮಲೆನಾಡು. ಪೂರ್ವದ ಅರಸೀಕೆರೆಯಲ್ಲಿ ರೈತನು ಒಂದೊಂದು ಮೋಡವನ್ನೂ ನೆಂಟನಂತೆ ಎದುರು ನೋಡುವ ಬಯಲುಸೀಮೆ. ತುಮಕೂರು ದಾಟಿದ ರೈಲಿನ ಕಿಟಕಿಯಲ್ಲಿ ಕುಳಿತವರಿಗೆ ಇದರ ಗುಟ್ಟು ತಾನಾಗಿಯೇ ತಿಳಿಯುತ್ತದೆ. ದಿಣ್ಣೆಯ ಮೇಲೆ ಜಾಲಿ, ಕುರುಚಲು, ಬೋಳು ಬಂಡೆ. ತಗ್ಗಿನಲ್ಲಿ ಇದ್ದಕ್ಕಿದ್ದಂತೆ ತೆಂಗಿನ ತೋಟ. ಗುಬ್ಬಿ, ನಿಟ್ಟೂರು, ತಿಪಟೂರು—ಎಲ್ಲಿ ತೆಂಗಿನ ಸಾಲು ದಟ್ಟವಾಯಿತೋ ಅದರ ಹಿಂದೆ ಒಂದು ಕೆರೆಯ ಏರಿ ಇದೆಯೆಂದು ಹಿಂದೆಲ್ಲ ಕಣ್ಣು ಮುಚ್ಚಿ ಹೇಳಬಹುದಾಗಿತ್ತು. ಈಗ ಕೊಳವೆಬಾವಿಗಳು ನೂರಾರು ಅಡಿ ಇಳಿದು ಆ ಲೆಕ್ಕವನ್ನು ತಪ್ಪಿಸಿವೆ; ಮಳೆ ಕೈಕೊಟ್ಟ ವರ್ಷಗಳಲ್ಲಿ ಅವೂ ಬತ್ತಿ, ಸುಳಿ ಒಣಗಿದ ಮರಗಳು ಕಂಬಗಳಂತೆ ನಿಂತಿರುವುದುಂಟು.

ಊರಿನ ಹೆಸರೇ ಅದರ ಚರಿತ್ರೆ. ಹೊಯ್ಸಳರ ಕಾಲದ ಅರಸಿಯೊಬ್ಬಳ ಹೆಸರಿನಲ್ಲಿ ಕಟ್ಟಿದ ಕೆರೆ ಎಂಬುದು ಪ್ರತೀತಿ. ಶಾಸನಗಳಲ್ಲಿ ಇದೇ ಊರಿಗೆ ಉದ್ಭವ ಸರ್ವಜ್ಞ ವಿಜಯ ಎಂಬ ಗಂಭೀರವಾದ ಹೆಸರೊಂದಿದೆ. ಬಲ್ಲಾಳಪುರ ಎಂಬ ರಾಜನ ಹೆಸರೂ ಇದೆ. ಜನರು ಎರಡನ್ನೂ ಮರೆತರು. ನೀರಿನ ಹೆಸರನ್ನು ಮಾತ್ರ ಉಳಿಸಿಕೊಂಡರು.

ಕಳೆದ ಜನವರಿಯಲ್ಲಿ ಬೆಂಗಳೂರಿನ ಒಂದು ಕುಟುಂಬ ಈ ಊರಿಗೆ ಬಂದಿಳಿಯಿತು. ನಾಲ್ವರು: ಬ್ಯಾಂಕಿನ ಅಧಿಕಾರಿ, ಅವರ ಪತ್ನಿ, ಹದಿನಾಲ್ಕು ವರ್ಷದ ಮಗಳು ಮತ್ತು ಎಂಬತ್ತೆರಡರ ತಾಯಿ. ಬೇಲೂರು ಹಳೇಬೀಡುಗಳನ್ನು ನೋಡುವ ಏರ್ಪಾಡು ಮೊದಲು ಬೇರೆಯೇ ಆಗಿತ್ತು.

“ಒಂದೇ ದಿನದಲ್ಲಿ ಮುಗಿಸಿಬಿಡಬಹುದಮ್ಮ. ಬೆಳಿಗ್ಗೆ ಐದಕ್ಕೆ ಕಾರು ಬರುತ್ತದೆ. ಎರಡೂ ಊರು ನೋಡಿಕೊಂಡು ರಾತ್ರಿ ಹತ್ತಕ್ಕೆ ಮನೆ” ಎಂದಿದ್ದರು ಮಗ.

“ಮುಗಿಸುವುದಕ್ಕಲ್ಲ ಕಣೋ ನಾನು ಹೋಗಬೇಕೆಂದದ್ದು” ಎಂದರು ತಾಯಿ. ಆಮೇಲೆ, ಬಹು ವರ್ಷಗಳಿಂದ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದರು.

1963ರ ಜನವರಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪತಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಮೂರು ದಿನದ ರಜೆ. ಆಗಿನ್ನೂ ಮೀಟರ್ ಗೇಜಿನ ಹಾದಿ, ಕಲ್ಲಿದ್ದಲ ಹೊಗೆಯ ಎಂಜಿನ್ನು. ಅರಸೀಕೆರೆಗೆ ಬಂದು ಒಂದು ಸಣ್ಣ ಹೋಟೆಲಿನ ಮಹಡಿಯಲ್ಲಿ ರಾತ್ರಿ ಕಳೆದು, ಮರುದಿನ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ, ಅಲ್ಲಿಂದ ಬೇಲೂರಿಗೆ ಬಂದಾಗ ಮಧ್ಯಾಹ್ನ ಮೀರಿತ್ತು. ಗರ್ಭಗುಡಿಯ ಬಾಗಿಲು ಹಾಕಿದ್ದರು. ಮತ್ತೆ ತೆಗೆಯುವುದರೊಳಗೆ ಅರಸೀಕೆರೆಯ ಬಸ್ಸು ಹೊರಟುಬಿಡುವುದರಲ್ಲಿತ್ತು. ಅದು ತಪ್ಪಿದರೆ ರೈಲು ತಪ್ಪುವುದು, ರೈಲು ತಪ್ಪಿದರೆ ಕಚೇರಿ. ಹೊರಗೋಡೆಯ ಮದನಿಕೆಯರನ್ನು ನೋಡಿಕೊಂಡು, ಮುಚ್ಚಿದ ಬಾಗಿಲಿಗೆ ಕೈಮುಗಿದು, ಇಬ್ಬರೂ ಬಸ್ಸಿಗೆ ಓಡಿದರು. “ಇನ್ನೊಮ್ಮೆ ಬರೋಣ” ಎಂದಿದ್ದರು ಆ ತರುಣ ಗುಮಾಸ್ತರು. ವರ್ಗಾವಣೆ, ಮಕ್ಕಳು, ಮನೆಸಾಲ, ಮಗಳ ಮದುವೆ, ಕಾಯಿಲೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಇನ್ನೊಮ್ಮೆ ಬಂದಿರಲಿಲ್ಲ.

ಆದುದರಿಂದ ಕಾರು ಬೇಡ, ರೈಲು. ಒಂದು ದಿನವಲ್ಲ, ಎರಡು ರಾತ್ರಿ. ಮೊಮ್ಮಗಳು ಅಜ್ಜಿಯ ಪಕ್ಷ ವಹಿಸಿದಳು. ಬ್ಯಾಂಕಿನ ಅಧಿಕಾರಿ ಎರಡು ದಿನದ ರಜೆ ಹಾಕಿ, ಮೂರನೆಯ ದಿನ ಬೆಳಿಗ್ಗೆ ತಾವು ಕುರ್ಚಿಯಲ್ಲಿರಲೇಬೇಕೆಂದು ಎಲ್ಲರಿಗೂ ಮೊದಲೇ ತಿಳಿಸಿದರು.

* * *

ಹಿಂದೆ ತಾವು ಇಳಿದುಕೊಂಡಿದ್ದ ಹೋಟೆಲು ಎಲ್ಲಿತ್ತೆಂದು ಅಜ್ಜಿಗೆ ಗುರುತು ಸಿಕ್ಕಲಿಲ್ಲ. ಇರಬಹುದಾಗಿದ್ದ ಸ್ಥಳದಲ್ಲಿ ಮೊಬೈಲ್ ಫೋನುಗಳ ಅಂಗಡಿಯೊಂದು ಝಗಝಗಿಸುತ್ತಿತ್ತು. ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಕೊಬ್ಬರಿ ಮಂಡಿಗಳ ಬೀದಿಯ ಹಿಂದೆ, ಅದೇ ಜಾತಿಯ ಇನ್ನೊಂದು ಮನೆ ದೊರಕಿತು. ಬಣ್ಣ ಮಾಸಿದ ಹಲಗೆಯ ಮೇಲೆ ‘ಊಟ–ವಸತಿ’ ಎಂಬ ಎರಡೇ ಮಾತು. ಎದುರಿಗೆ ಕಡಪಾ ಕಲ್ಲಿನ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಕೆಳಗೆ ಮನೆಯವರ ವಾಸ, ಮೇಲೆ ಹೆಂಚಿನ ಮಾಡಿನ ಕೆಳಗೆ ಆರು ಕೊಠಡಿ. ಮರದ ಸರಳಿನ ಕಿಟಕಿ, ಅಂಗೈ ಅಗಲದ ಕಬ್ಬಿಣದ ಚಿಲಕ, ಗೋಡೆಯಲ್ಲಿ ದೀಪವಿಡುವ ಗೂಡು. ಗೂಡಿನಲ್ಲಿ ಈಗ ದೀಪವಿಲ್ಲ, ವಿದ್ಯುತ್ತಿನ ಸ್ವಿಚ್ಚು ಕುಳಿತಿದೆ. ಹಿತ್ತಿಲಲ್ಲಿ ರಾಟೆಯ ಬಾವಿ; ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಹೊಗೆಯಾಡುವ ತೆಂಗಿನ ಸಿಪ್ಪೆ.

ಇಂಥ ಮನೆಗಳು ಅರಸೀಕೆರೆಯಲ್ಲಿ ಹುಟ್ಟಿಕೊಂಡದ್ದು ಆಕಸ್ಮಿಕವಲ್ಲ. ಇದು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿಯ ಹಾದಿಗೆ ಮೈಸೂರು–ಹಾಸನದ ಹಾದಿ ಇಲ್ಲಿಯೇ ಬಂದು ಕೂಡುವುದು. ಒಂದು ಗಾಡಿಯಿಂದ ಇಳಿದು ಇನ್ನೊಂದು ಗಾಡಿಗೆ ಕಾಯುವವರು, ಕೊಬ್ಬರಿಯ ದರ ವಿಚಾರಿಸಲು ಬಂದ ವರ್ತಕರು, ಕೋರ್ಟಿನ ವಾಯಿದೆಗೆ ಬಂದ ರೈತರು, ಮದುವೆಯ ದಿಬ್ಬಣದವರು, ಔಷಧಿ ಕಂಪೆನಿಯ ಪೆಟ್ಟಿಗೆ ಹಿಡಿದ ಪ್ರತಿನಿಧಿಗಳು—ಎಲ್ಲರಿಗೂ ಒಂದು ರಾತ್ರಿಯ ಮಟ್ಟಿಗೆ ಚಾಪೆ, ಬಿಸಿನೀರು, ಎಲೆಯೂಟ ಬೇಕಾಗಿದ್ದುವು. ಹಳೇಬೀಡಿಗೆ ಹೋಗುವವರು ಮುಂದಿನ ಬಾಣಾವರದಲ್ಲಿ ಇಳಿದು ಗಾಡಿ ಮಾಡಿಕೊಳ್ಳುವುದೂ ಒಂದು ಕಾಲಕ್ಕೆ ರೂಢಿಯಾಗಿತ್ತು. ಮರಳುಗಾಡಿನಲ್ಲಿ ಒಂಟೆಗಳ ಸಾಲು ಬಾವಿಯಿಂದ ಬಾವಿಗೆ ನಡೆದಂತೆ, ಈ ಸೀಮೆಯಲ್ಲಿ ಉಗಿಬಂಡಿಯೂ ನೀರಿನಿಂದ ನೀರಿಗೆ ನಡೆಯುತ್ತಿತ್ತಷ್ಟೆ. ಅದಕ್ಕೂ ಬಾಯಾರಿಕೆ ಇತ್ತು.

ಹೋಟೆಲಿನ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರ ತಂದೆ ನಡೆಸುತ್ತಿದ್ದ ಮನೆ. ಅಡಿಗೆ ಈಗಲೂ ಮನೆಯಾಕೆಯದೇ. ಬಂದವರ ಹೆಸರನ್ನು ಉದ್ದನೆಯ ರಿಜಿಸ್ಟರಿನಲ್ಲಿ ಬರೆಸಿಕೊಂಡು, ಅಜ್ಜಿಯತ್ತ ತಿರುಗಿ, “ತಾಯಿ, ತಮಗೆ ಮೆಟ್ಟಿಲು ಬೇಡ. ಕೆಳಗೆ ನಮ್ಮ ದೇವರ ಮನೆಯ ಪಕ್ಕದ ಕೋಣೆಯಲ್ಲೇ ಹಾಸುತ್ತೇವೆ” ಎಂದರು. ಬಾಡಿಗೆಯ ಮಾತು ಆಮೇಲೆ ಬಂತು.

1963ರ ರಿಜಿಸ್ಟರು ಇದ್ದರೆ ನೋಡಬಹುದಾಗಿತ್ತಲ್ಲವೇ, ಒಂದು ವೇಳೆ ತಾತ ಇಲ್ಲಿಗೇ ಬಂದಿದ್ದರೋ ಏನೋ ಎಂದು ಹುಡುಗಿ ಕೇಳಿದಳು. ಯಜಮಾನರು ನಕ್ಕರು. ಹಳೆಯ ಪುಸ್ತಕಗಳಲ್ಲಿ ಅರ್ಧವನ್ನು ಗೆದ್ದಲು ಓದಿತು, ಉಳಿದರ್ಧವನ್ನು ಹಳೆ ಪೇಪರಿನವನು ತೂಕಕ್ಕೆ ಕೊಂಡುಹೋದ ಎಂದರು.

ಅವರೆಕಾಯಿಯ ಕಾಲ. ರಾತ್ರಿ ಬಾಳೆಲೆಯ ಮೇಲೆ ಬಿಸಿ ರಾಗಿಮುದ್ದೆ, ಹಿತಕಿದ ಬೇಳೆಯ ಸಾರು, ಮೇಲೆ ತುಪ್ಪ. ಮುದ್ದೆ ಒಗ್ಗದ ನಗರದವರಿಗೆಂದು ಅನ್ನ. ಹುಡುಗಿ ಮುದ್ದೆಯನ್ನು ಅಗಿಯಲು ಹೋಗಿ ಪೇಚಾಡಿದಳು. ನುಂಗಬೇಕೆಂದು ಮನೆಯಾಕೆ ತೋರಿಸಿಕೊಟ್ಟರು. ಇಂಥ ಊಟಕ್ಕೆ ಮೆನು ಕಾರ್ಡು ಇರುವುದಿಲ್ಲ. ಮನೆಯವರು ಏನು ಮಾಡಿಕೊಂಡರೋ ಅದೇ ಎಲೆಗೆ ಬೀಳುವುದು. ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲದಿದ್ದಾಗ ಹಸಿವು ಚೆನ್ನಾಗಿ ಆಗುವುದೆಂಬುದು ಪ್ರವಾಸಿಗಳ ಅನುಭವ.

ಊಟವಾದ ಮೇಲೆ ಜಗಲಿಯ ಮೇಲೆ ಮಾತು ಬೆಳೆಯಿತು. ಬೀದಿಯ ಕೊನೆಯಲ್ಲಿ ರೈಲೊಂದು ಕೂಗಿ ಹೋಯಿತು. ಆರು ಕೊಠಡಿಯಲ್ಲಿ ಆ ರಾತ್ರಿ ತುಂಬಿದ್ದುವು ಎರಡು. ರೈಲುಗಳು ಈಗ ವೇಗವಾಗಿವೆ, ಕಾಯುವವರು ಕಡಿಮೆ. ದೇವಾಲಯ ನೋಡುವವರು ಹಾಸನದ ರಸ್ತೆ ಹಿಡಿದು ನೇರವಾಗಿ ಹೋಗಿ ಸಂಜೆಗೆ ಹಿಂತಿರುಗುವರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ತಮ್ಮ ಮನೆಗೂ ಜನ ಬಂದಾರೆಂದು ಯಜಮಾನರು ಎರಡು ಹೊಸ ಹಾಸಿಗೆ ಹೊಲಿಸಿದ್ದರು. ಜನ ಬಂದರು, ಕಾರುಗಳಲ್ಲಿ ಬಂದರು, ಹಾಸಿಗೆ ಹಾಗೆಯೇ ಉಳಿದುವು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮನೆ ಕೆಡವಿ ಅಂಗಡಿ ಮಳಿಗೆ ಕಟ್ಟಿದರೆ ಬಾಡಿಗೆ ಬರುತ್ತದೆ, ಅಪ್ಪ ಅಮ್ಮನಿಗೂ ದುಡಿಮೆ ತಪ್ಪುತ್ತದೆ ಎನ್ನುತ್ತಾನೆ. ಅವನು ಹೇಳುವುದೂ ನಿಜ. ಯುಗಾದಿಗೆ ಬಂದಾಗ ತೀರ್ಮಾನ ಮಾಡುವುದೆಂದು ಮಾತಾಗಿದೆ.

“ನೀವೇನು ಅಂತೀರಿ ಯಜಮಾನರೇ?” ಎಂದರು ಬ್ಯಾಂಕಿನ ಅಧಿಕಾರಿ, ತಾವೂ ಒಬ್ಬ ಮಗನೇ ಆದ್ದರಿಂದ ಸ್ವಲ್ಪ ಅಳುಕಿನಿಂದ.

“ನಾನು ಏನು ಅನ್ನಲಿ ಸ್ವಾಮಿ. ರಾತ್ರಿ ಹನ್ನೊಂದು ಗಂಟೆಗೆ ಯಾರಾದರೂ ಮಕ್ಕಳನ್ನು ಎತ್ತಿಕೊಂಡು ಬಂದು ಬಾಗಿಲು ತಟ್ಟಿದರೆ ತೆಗೆಯುವುದು ಅಭ್ಯಾಸವಾಗಿಬಿಟ್ಟಿದೆ. ಮಳಿಗೆಯಾದರೆ ಒಂಬತ್ತಕ್ಕೆ ಷಟರ್ ಎಳೆಯಬೇಕು.”

* * *

ಬೆಳಿಗ್ಗೆ ಹಂಡೆಯ ನೀರಿನಲ್ಲಿ ಸ್ನಾನ ಮುಗಿಸಿ ಊರಿನ ಈಶ್ವರ ದೇವಾಲಯಕ್ಕೆ ಹೋದರು. ಬೇಲೂರು ಹಳೇಬೀಡಿನ ಹೆಸರಿನ ನೆರಳಿನಲ್ಲಿ ಇದು ಮರೆಯಾಗಿರುವುದು ಅನ್ಯಾಯವೆನ್ನಬೇಕು. 1220ರ ಕಟ್ಟಡ, ಇಮ್ಮಡಿ ವೀರಬಲ್ಲಾಳನ ಕಾಲದ್ದು. ಗುಡಿ ದೊಡ್ಡದಲ್ಲ. ಆದರೆ ಅದರ ಮುಂದಿನ ತೆರೆದ ಮಂಟಪದಂಥದು ಹೊಯ್ಸಳರ ನಾಡಿನಲ್ಲಿಯೂ ಅಪರೂಪ. ಹದಿನಾರು ಮೊನೆಗಳ ನಕ್ಷತ್ರದಂತೆ ನೆಲದ ಮೇಲೆ ಹರಡಿಕೊಂಡು, ಚಕ್ರದಲ್ಲಿ ಕಡೆದಂಥ ಕಂಬಗಳ ಮೇಲೆ ಗುಮ್ಮಟದಂಥ ಛಾವಣಿಯನ್ನು ಹೊತ್ತು ನಿಂತಿದೆ. ಸುತ್ತಲೂ ಒರಗಿ ಕೂರಲು ಕಲ್ಲಿನ ಆಸನ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುವುದು; ಶಿಲ್ಪಿಗೆ ಬೇಕಾದುದೂ ಅದೇ. ಅದೇ ವರ್ಷವೇ ಬಲ್ಲಾಳನ ಮಂತ್ರಿ ರೇಚರಸನು ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವನ್ನೂ ಕಟ್ಟಿಸಿದನು.

ಅಜ್ಜಿ ಆ ಆಸನದಲ್ಲಿ ಕುಳಿತರು. ಹೊಯ್ಸಳರ ಮಂಟಪಗಳನ್ನು ಜನರು ನಿಂತು ನೋಡುತ್ತಾರೆ, ತಲೆ ಎತ್ತಿ ಪಟ ತೆಗೆಯುತ್ತಾರೆ; ಅವನ್ನು ಕಟ್ಟಿದವರ ಲೆಕ್ಕದಲ್ಲಿ ಅವು ಕೂರುವುದಕ್ಕೆ. ನಡೆದು ಬಂದವನು ಕೂತು ಉಸಿರಾಡಿಸಿಕೊಳ್ಳಲೆಂದೇ ಒರಗುಗಲ್ಲು ಅಷ್ಟು ಹಿತವಾಗಿ ಹಿಂದಕ್ಕೆ ವಾಲಿದೆ. ಅದೇ ಕಾಲದ ಶಾಸನಗಳಲ್ಲಿ ಕೆರೆಗೆ, ಅರವಟ್ಟಿಗೆಗೆ, ಸತ್ರಕ್ಕೆ ಬಿಟ್ಟ ದತ್ತಿಗಳ ಮಾತು ಎಷ್ಟು ಸಲ ಬರುವುದೆಂಬುದನ್ನು ನೆನೆದರೆ, ದೇವಾಲಯ, ನೀರು, ತಂಗುಮನೆ ಈ ಮೂರೂ ಒಂದೇ ಏರ್ಪಾಡಿನ ಅಂಗಗಳೆಂದು ತೋರುತ್ತದೆ. ಇಂದಿನವರು ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಬೇಲಿ ಹಾಕಿದ್ದಾರೆ.

ಹೊರಡುವಾಗ ಹೋಟೆಲಿನ ಯಜಮಾನರು ಸಿಪ್ಪೆ ಸುಲಿದು ಜುಟ್ಟು ಬಿಟ್ಟ ಒಂದು ತೆಂಗಿನಕಾಯಿಯನ್ನು ತಂದು ಅಜ್ಜಿಯ ಕೈಗೆ ಕೊಟ್ಟರು.

“ಚೆನ್ನಕೇಶವನಿಗೆ ನಮ್ಮ ಹೆಸರಿನಲ್ಲಿ ಒಡೆಸಿಬಿಡಿ ತಾಯಿ. ನಮ್ಮ ಹಿತ್ತಿಲಿನದೇ. ಎಷ್ಟು ದೂರ ಅಂತೀರಿ! ಆದರೂ ಹೋಗಿ ಹನ್ನೆರಡು ವರ್ಷವಾಯಿತು. ಬಂದವರಿಗೆ ಮನೆ ತೆರೆದಿಡಬೇಕು ನೋಡಿ, ಇಬ್ಬರೂ ಒಟ್ಟಿಗೆ ಬೀಗ ಹಾಕಿಕೊಂಡು ಹೊರಡುವ ಹಾಗಿಲ್ಲ.”

ಅಜ್ಜಿ ಕಾಯಿಯನ್ನು ಸೆರಗಿನಲ್ಲಿ ಸುತ್ತಿ ತಮ್ಮ ಚೀಲದಲ್ಲಿಟ್ಟುಕೊಂಡರು.

* * *

ಅರಸೀಕೆರೆಯಿಂದ ಹಳೇಬೀಡಿಗೆ 40 ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ ಜಾವಗಲ್ಲು, ಅಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹನ ಗುಡಿ. ಅರಸೀಕೆರೆಗೆ ಇನ್ನೂ ಹತ್ತಿರದಲ್ಲಿ ಹಾರನಹಳ್ಳಿಯ ಜೋಡಿ ದೇವಾಲಯಗಳುಂಟು. ಇವುಗಳೆಲ್ಲವನ್ನೂ ನೋಡುತ್ತೇನೆಂದು ಹೊರಟವನು ಒಂದನ್ನೂ ನೋಡನು. ಜಾವಗಲ್ಲಿನಲ್ಲಿ ಅರ್ಧ ಗಂಟೆ ನಿಂತು ಕಾಫಿ ಕುಡಿದು ಮುಂದೆ ಸಾಗಿದ್ದಾಯಿತು. ಪಶ್ಚಿಮಕ್ಕೆ ಹೋದಂತೆ ಮಣ್ಣಿನ ಬಣ್ಣ ಗಾಢವಾಗುತ್ತದೆ, ಗಾಳಿ ತಣ್ಣಗಾಗುತ್ತದೆ, ದಿಗಂತದಲ್ಲಿ ಮಲೆಯ ನೀಲಿ ಮೂಡುತ್ತದೆ.

ಹಳೇಬೀಡಿನ ವಿಷಯದಲ್ಲಿ ಎಲ್ಲರೂ ಬಲ್ಲ ಮಾತನ್ನು ಮತ್ತೆ ಹೇಳಬೇಕಾಗಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1121ರ ಹೊತ್ತಿಗೆ, ಕೇತಮಲ್ಲನೆಂಬ ಅಧಿಕಾರಿಯು ಮೊದಲು ಮಾಡಿಸಿದ ಹೊಯ್ಸಳೇಶ್ವರ ದೇವಾಲಯ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗರ್ಭಗುಡಿ, ಎರಡು ನಂದಿ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸ. ಪ್ರವಾಸಿಗಳ ಬಸ್ಸು ಹೊತ್ತುಮೀರಿ ಬಂದಿದ್ದರೆ ಮಾರ್ಗದರ್ಶಿಯು ಇವನ್ನೆಲ್ಲ ಅರ್ಧ ಗಂಟೆಯಲ್ಲಿ ಮುಗಿಸುವನು. ಪಾಪ, ಅವನ ತಪ್ಪಲ್ಲ. ಬಸ್ಸಿನ ಚಾಲಕನು ಹಾರ್ನ್ ಒತ್ತುತ್ತಿರುತ್ತಾನೆ.

ಆ ದಿನ ಹಾರ್ನ್ ಒತ್ತುವವರಿರಲಿಲ್ಲ. ಹುಡುಗಿ ಗೋಡೆಯ ಆನೆಗಳನ್ನು ಎಣಿಸಲು ಹೊರಟು ಮೂರು ಸಲ ಲೆಕ್ಕ ತಪ್ಪಿದಳು. ಒಂದರ ಸೊಂಡಿಲು ಇನ್ನೊಂದರಂತಿಲ್ಲವೆಂಬುದನ್ನು ಮಾತ್ರ ಕಂಡುಕೊಂಡಳು. ಊಟವಾದ ಮೇಲೆ ಬಸದಿಗಳಿಗೆ ಹೋದರು. ಜನಸಂದಣಿ ಅಲ್ಲಿಗೆ ಬರುವುದಿಲ್ಲ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ನುಣುಪು. ಎದುರು ನಿಂತರೆ ನಮ್ಮ ಮುಖವೇ ಉದ್ದವಾಗಿ, ಡೊಂಕಾಗಿ ಕಾಣುವುದು. ಅಧಿಕಾರಿಗಳ ಪತ್ನಿ ಬಹು ಹೊತ್ತು ಅಲ್ಲಿಯೇ ನಿಂತಿದ್ದರು. ಆ ದಿನ ಅವರು ಮನೆಯ ಯಾವ ಕೆಲಸವನ್ನೂ ನೆನೆಯದೆ ನಿಂತ ಮೊದಲ ಗಳಿಗೆ ಅದು ಎಂದು ಅವರೇ ಆಮೇಲೆ ನಗುತ್ತ ಹೇಳಿದರು.

ಸಂಜೆ ನಾಲ್ವರೂ ಕೆರೆಯ ಕಡೆಗೆ ನಡೆದರು. ಈ ಊರೂ ನೀರಿನಿಂದಲೇ ಹೆಸರು ಪಡೆದದ್ದು: ದೋರಸಮುದ್ರ. ಇಲ್ಲಿಯ ಕೆರೆ ಹೊಯ್ಸಳರು ರಾಜಧಾನಿ ಕಟ್ಟುವುದಕ್ಕೆ ಮೊದಲೇ ಇತ್ತೆನ್ನುವರು. ನೀರನ್ನು ಹುಡುಕಿಕೊಂಡು ರಾಜ್ಯ ಬಂತು. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಮುಮ್ಮಡಿ ಬಲ್ಲಾಳ ಸಂಪತ್ತೊಪ್ಪಿಸಿ ಊರನ್ನು ಉಳಿಸಿಕೊಂಡ. ಮತ್ತೆ ಹದಿನೈದಿಪ್ಪತ್ತು ವರ್ಷಗಳಲ್ಲಿ ದೆಹಲಿಯ ಇನ್ನೊಂದು ದಂಡು. ಆಮೇಲೆ ರಾಜಧಾನಿ ಹಳೆಯ ಬೀಡಾಯಿತು. ಅರಮನೆಯಿದ್ದ ದಿಣ್ಣೆಯಲ್ಲಿ ಈಗ ಕಲ್ಲು, ಹುಲ್ಲು. ಕೆರೆ ಮಾತ್ರ ಆ ಜನವರಿಯ ಇಳಿಬಿಸಿಲಿನಲ್ಲಿ ತಳತಳಿಸುತ್ತಿತ್ತು. ಬೆಳ್ಳಕ್ಕಿಗಳು ಗೂಡಿಗೆ ಹಿಂತಿರುಗುತ್ತಿದ್ದುವು. ಒಬ್ಬ ಹುಡುಗ ಎಮ್ಮೆಗಳ ಮೈ ತೊಳೆಯುತ್ತಿದ್ದ. ದಿನವೆಲ್ಲ ಬೂದು ಬಣ್ಣಕ್ಕಿದ್ದ ದೇವಾಲಯದ ಗೋಡೆ ಸೂರ್ಯ ತಗ್ಗಿದಂತೆ ಜೇನಿನ ಬಣ್ಣಕ್ಕೆ ತಿರುಗಿತು; ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಚಪ್ಪಟೆಯಾಗಿ ಕಂಡಿದ್ದ ಶಿಲ್ಪಗಳಿಗೆ ಓರೆಬೆಳಕು ಬಿದ್ದು ಕೊರಳು, ಬೆರಳು, ಉಂಗುರ ಬೇರೆಬೇರೆಯಾಗಿ ಎದ್ದುನಿಂತುವು. ಹಗಲಿನ ಪ್ರವಾಸಿಗಳು ಈ ಹೊತ್ತಿಗೆ ಹಾಸನ ದಾಟಿರುತ್ತಾರೆ.

ಗಡಿಯಾರ ನೋಡಿದವರು ಬ್ಯಾಂಕಿನ ಅಧಿಕಾರಿ ಒಬ್ಬರೇ. ಬೇಲೂರಿಗೆ ಇನ್ನೂ 16 ಕಿಲೋಮೀಟರು. ರಾತ್ರಿಯ ಬಾಗಿಲು ಹಾಕುವುದರೊಳಗೆ ತಲಪಿದರೆ ಈ ಸಂಜೆಯೇ ದರ್ಶನವಾಗಿ, ನಾಳಿನ ರೈಲಿಗೆ ನಿರಾತಂಕ. ಅವರು ಅವಸರಪಡಿಸಿದರು, ವಾಹನ ಸಿಕ್ಕುವುದು ತಡವಾಯಿತು, ಬೇಲೂರಿನಲ್ಲಿ ಇಳಿದಾಗ ಗೋಪುರದ ಕೆಳಗಿನ ದೊಡ್ಡ ಬಾಗಿಲು ಮುಚ್ಚಿತ್ತು.

ಮಗ ತಾಯಿಯ ಮುಖವನ್ನು ನೋಡಲಾರದೆ ನಿಂತರು. ಅರವತ್ತು ವರ್ಷಗಳ ಹಿಂದೆ ತಂದೆ ನಿಂತಿದ್ದ ಜಾಗದಲ್ಲಿಯೇ ತಾವೂ ನಿಂತಿದ್ದೇವೆಂದು ಅವರಿಗೆ ಅನ್ನಿಸಿರಬೇಕು.

“ಅದಕ್ಕೇಕೆ ಮುಖ ಸಣ್ಣ ಮಾಡುತ್ತೀಯೋ? ಬೆಳಿಗ್ಗೆ ತೆಗೆಯುತ್ತಾರಲ್ಲ. ನಾವು ಇಲ್ಲೇ ಇರುತ್ತೇವಲ್ಲ” ಎಂದರು ಅಜ್ಜಿ.

ದೇವಾಲಯದ ಹತ್ತಿರದ ಬೀದಿಯಲ್ಲಿ ಒಂದು ಸಾಧಾರಣ ವಸತಿಗೃಹ ಸಿಕ್ಕಿತು. ಅದನ್ನು ಬಣ್ಣಿಸುವಂಥದೇನೂ ಇಲ್ಲ, ಸೊಳ್ಳೆಗಳಿದ್ದುವು. ಆದರೆ ಕಿಟಕಿ ತೆರೆದರೆ ಗೋಪುರ. ಮುಸಲ್ಮಾನ ದಂಡಿನ ಬೆಂಕಿಗೆ ತುತ್ತಾದ ಹಳೆಯದರ ಸ್ಥಾನದಲ್ಲಿ ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕನು ಕಟ್ಟಿಸಿದ ಗೋಪುರ ಅದು. ಅದರ ನೆತ್ತಿಯ ಮೇಲೆ ಹಗಲು ಕಾಣಸಿಗದ ನಕ್ಷತ್ರಗಳು. ಹುಡುಗಿ ಅಜ್ಜಿಯ ಪಕ್ಕದಲ್ಲಿ ಮಲಗಿ ತಾತನ ಬಗ್ಗೆ ಬಹಳ ಹೊತ್ತು ಕೇಳಿದಳು. ಅಜ್ಜಿ ಏನು ಹೇಳಿದರೋ ಪಕ್ಕದ ಕೋಣೆಗೆ ಕೇಳಿಸಲಿಲ್ಲ. ನಗು ಮಾತ್ರ ಎರಡು ಸಲ ಕೇಳಿಸಿತು.

* * *

ಬೆಳಗಿನ ಬೇಲೂರು ಊರಿನವರದು. ಪ್ರವಾಸಿಗಳ ವಾಹನಗಳು ಬರುವುದಕ್ಕೆ ಮೊದಲು ಅಂಗಳದ ಕಲ್ಲುಹಾಸು ಇಬ್ಬನಿಯಿಂದ ಒದ್ದೆಯಾಗಿರುತ್ತದೆ. ಕಾಲು ಸುಡುವ ಹಾಸು ಎಂದು ದೂರುವವರು ಮಧ್ಯಾಹ್ನ ಬಂದವರು. ಹೂ ಕಟ್ಟುವವರು, ಶಾಲೆಗೆ ಹೋಗುವ ಮುನ್ನ ಒಂದು ಸುತ್ತು ಬರುವ ಮಕ್ಕಳು, ಪಂಚಾಂಗ ಹಿಡಿದ ವೃದ್ಧರು. ಹಳೇಬೀಡು ನೋಡುವ ಸ್ಥಳ. ಇದು ನಡೆಯುತ್ತಿರುವ ಮನೆ. ತಲಕಾಡಿನಲ್ಲಿ ಚೋಳರನ್ನು ಗೆದ್ದ ವಿಷ್ಣುವರ್ಧನನು 1117ರಲ್ಲಿ ವಿಜಯನಾರಾಯಣನೆಂದು ಪ್ರತಿಷ್ಠೆ ಮಾಡಿಸಿದ ದೇವರಿಗೆ ಇಂದಿಗೂ ಪೂಜೆಯುಂಟು. ಪಟ್ಟದರಸಿ ಶಾಂತಲೆ ಮಾಡಿಸಿದ ಚೆನ್ನಿಗರಾಯನ ಗುಡಿ ಪಕ್ಕದಲ್ಲಿಯೇ ಇದೆ. ಅಲ್ಲಿ ಜಕಣಾಚಾರಿಯ ಕಪ್ಪೆಯ ಕಥೆಯನ್ನು ಕೇಳದೆ ಯಾರೂ ಹಿಂತಿರುಗುವುದಿಲ್ಲ. ಆದರೆ ಮದನಿಕೆಯರ ಪೀಠಗಳಲ್ಲಿ ಕೆತ್ತಿರುವ ಹೆಸರುಗಳು ಬೇರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ—ಇವರು ಇದ್ದವರು, ದುಡಿದವರು, ಕೆಲಸ ಮುಗಿಯುವ ತನಕ ಇದೇ ಊರಿನಲ್ಲಿ ತಂಗಿದ್ದವರು.

ಅಜ್ಜಿ ಹೊರಗೋಡೆಯತ್ತ ನೋಡಲಿಲ್ಲ. ಅದನ್ನು ಅವರು ಆಗಲೇ ನೋಡಿದ್ದರು. ಮೊಮ್ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿ ನವರಂಗಕ್ಕೆ ಬಂದರು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕೂಡಿಸಿದ ಜಾಲಂಧ್ರಗಳಿಂದ ಬೆಳಕು ಸೋಸಿ ಬರುತ್ತಿತ್ತು. ಒಳಗೆ ಅಲಂಕಾರ ನಡೆದಿತ್ತು, ತೆರೆ ಹಾಕಿತ್ತು. ಕಾಯಬೇಕಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬ್ಯಾಂಕಿನ ಅಧಿಕಾರಿ ಮಣಿಗಂಟಿನ ಗಡಿಯಾರವನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡರು.

ಗಂಟೆ ಮೊಳಗಿ ತೆರೆ ಸರಿಯಿತು. ಆರತಿಯ ಬೆಳಕಿನಲ್ಲಿ ಆಳೆತ್ತರದ ಕರಿಯ ಮೂರ್ತಿ. ಹಿಂದೆ ದಶಾವತಾರದ ಪ್ರಭಾವಳಿ. ಮೂಗಿನಲ್ಲಿ ಮೋಹಿನಿಯ ನತ್ತು. ಅಜ್ಜಿ ಕೈಮುಗಿದು ನಿಂತರು. ಏನನ್ನೂ ಬೇಡಿಕೊಂಡಂತೆ ತುಟಿ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಚೀಲದಿಂದ ತೆಂಗಿನಕಾಯಿಯನ್ನು ತೆಗೆದು ಅರ್ಚಕರಿಗೆ ಕೊಟ್ಟು, ಯಾರ ಹೆಸರಿನಲ್ಲಿ ಎಂದು ಅವರು ಕೇಳಿದಾಗ, ಮೊದಲು ಅರಸೀಕೆರೆಯ ಯಜಮಾನರ ಹೆಸರನ್ನೂ, ಅದರ ಹಿಂದೆಯೇ ತಮ್ಮ ಪತಿಯ ಹೆಸರನ್ನೂ ಹೇಳಿದರು. ಆ ಹೆಸರನ್ನು ಅಜ್ಜಿಯ ಬಾಯಲ್ಲಿ ಮೊಮ್ಮಗಳು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಬಸ್ಸು ಅರಸೀಕೆರೆಯನ್ನು ಮುಟ್ಟಿದಾಗ ರೈಲಿಗೆ ಇನ್ನೂ ಒಂದು ಗಂಟೆ ಇತ್ತು. ಕೊಬ್ಬರಿ ಮಂಡಿಗಳ ಬೀದಿಯನ್ನು ಹಾದು ನಾಲ್ವರೂ ಮತ್ತೆ ಆ ಜಗಲಿಗೆ ಬಂದರು. ಯಜಮಾನರು ಬಾವಿಕಟ್ಟೆಯಿಂದ ಕೈಯೊರಸಿಕೊಳ್ಳುತ್ತ ಬಂದು, ಬಾಳೆಲೆಯಲ್ಲಿ ಸುತ್ತಿದ ಕಾಯಿಯ ಹೋಳನ್ನೂ ತುಳಸಿಯನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ರಾತ್ರಿ ಜಗಲಿಯಲ್ಲಿ ಕೇಳಿದ್ದ 1963ರ ಕಥೆ ಅವರಿಗೆ ನೆನಪಿತ್ತು.

“ಬಾಗಿಲು ತೆಗೆದಿತ್ತೇ ತಾಯಿ?”

“ನಾವು ಹೋದಾಗ ಹಾಕಿತ್ತಪ್ಪ” ಎಂದರು ಅಜ್ಜಿ ಜಗಲಿಯ ಮೇಲೆ ಕುಳಿತುಕೊಳ್ಳುತ್ತ. “ಬೆಳಿಗ್ಗೆ ತೆಗೆದರು.”

ಒಳಗಿನಿಂದ ಮನೆಯಾಕೆ ನಾಲ್ಕು ಲೋಟ ಕಾಫಿ ತಂದರು.